ಬಿಸ್ಕತ್ತು ತಿಂದ ಗಿಳಿ

ಮೊಮ್ಮಗನ ಗಣಕಯಂತ್ರದೊಳಗೆ ಒಂದು ಕಾಡಿದೆ. ಆ ಲೋಕದ ಹೆಸರು ‘ಮೈನ್‌ಕ್ರಾಫ್ಟ್’. ಅಲ್ಲಿ ಸೂರ್ಯನೂ ಚೌಕ! ಆದರೆ ಕೋಕೋ ಕಾಯಿ ಮಾತ್ರ ನಿಜವಾದ ಮರದಲ್ಲಿರುವಂತೆಯೇ ಕಾಂಡಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಪುತ್ತೂರಿನ ಅಡಕೆ ತೋಟಗಳಲ್ಲಿ ಅದನ್ನು ಕಂಡಿದ್ದ ನನಗೆ ಆ ಲೋಕದ ಮೇಲೆ ತುಸು ಗೌರವವೇ ಹುಟ್ಟಿತು.

ಬೀಜದಿಂದ ಕಂದು ಬಣ್ಣ ತೆಗೆಯಬಹುದು. ಒಂದು ಬೀಜಕ್ಕೆ ಎರಡು ಪಾಲು ಗೋಧಿ ಸೇರಿಸಿದರೆ ಎಂಟು ಬಿಸ್ಕತ್ತು. ಒಲೆಯೂ ಬೇಡ, ಸಕ್ಕರೆಯೂ ಬೇಡ. (ಇದನ್ನು ಕೇಳಿ ನಮ್ಮ ಮನೆಯಾಕೆ ನಿಟ್ಟುಸಿರಿಟ್ಟಳು.)

ಮೊನ್ನೆ ಹುಡುಗ ತಾನು ಪಳಗಿಸಿದ ಗಿಳಿಗೆ ಪ್ರೀತಿಯಿಂದ ಒಂದು ಬಿಸ್ಕತ್ತು ಕೊಟ್ಟ. ಗಿಳಿ ಒಡನೆಯೇ ಸತ್ತಿತು.

“ತಾತಾ, ನಾನೇ ಕೊಂದೆನಾ?”

ವಿಚಾರಿಸಿ ನೋಡಿದೆ. 2017ರಲ್ಲಿ ಗಿಳಿಗಳನ್ನು ಆಟಕ್ಕೆ ತಂದಾಗ, ಬಿಸ್ಕತ್ತಿನಿಂದಲೇ ಅವುಗಳನ್ನು ಪಳಗಿಸುವಂತೆ ಮೊದಲು ಮಾಡಿದ್ದರಂತೆ. ಚಾಕೊಲೇಟು ಹಕ್ಕಿಗಳಿಗೆ ವಿಷ, ಮಕ್ಕಳು ಮನೆಯ ಗಿಳಿಗೂ ತಿನ್ನಿಸಿಯಾರು ಎಂದು ಜನ ಎಚ್ಚರಿಸಿದ ಮೇಲೆ ನಿಯಮ ಬದಲಾಯಿತು. ಕೋಕೋದಲ್ಲಿರುವ ಥಿಯೋಬ್ರೋಮಿನ್ ಹಕ್ಕಿಗೂ ಆಗದು, ನಾಯಿಗೂ ಆಗದು.

ಇಷ್ಟನ್ನೂ ಅವನಿಗೆ ಹೇಳಿದೆ. ಹುಡುಗ ಮಾತಿಲ್ಲದೆ ಎದ್ದು ಹಿತ್ತಲಿಗೆ ಓಡಿದ. ಮರಳಿ ಬಂದಾಗ ಅವನ ಅಂಗೈಯಲ್ಲಿ ಕರಗಿದ ಚಾಕೊಲೇಟಿನ ಚೂರೊಂದಿತ್ತು.

“ಟಾಮಿಗೆ ಅಂತ ಇಟ್ಟಿದ್ದೆ. ಅದಿನ್ನೂ ತಿಂದಿರಲಿಲ್ಲ, ತಾತಾ” ಎಂದ.