ಜಗಲಿಯ ಮೇಲೆ ಇಬ್ಬರ ಹಾಡು

ಕಪಿಲೆಯ ದಡದ ನಂಜನಗೂಡಿಗೂ ಆ ನದಿ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರಕ್ಕೂ ನೀಲಗಾರರ ತಂಬೂರಿ ಪದ ಹೊಸತಲ್ಲ. ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಯನ್ನು ಅವರು ರಾತ್ರಿಯಿಡೀ ಹಾಡಬಲ್ಲರು. ಜಗಲಿಯ ಮೇಲೆ ಇಬ್ಬರೇ ಕೂತು ಹಾಡಿದರೆ ಮೈಕು ಬೇಕಿಲ್ಲ.

ತಂತಿಯೊಂದೇ ಮಿಡಿದರೆ ಸದ್ದು ಕ್ಷೀಣ. ತಂಬೂರಿಯ ಪೊಳ್ಳು ಒಡಲೂ ಕಂಪಿಸುವುದರಿಂದಲೇ ನಾದ ತುಂಬುತ್ತದೆ. ಆದರೂ ಬಯಲಿನಲ್ಲಿ ದೂರ ಇಮ್ಮಡಿಯಾದರೆ ಶಬ್ದದ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಿಂದೆ ಕೂತ ಹುಡುಗ ಮಾತು ನಿಲ್ಲಿಸಿ ಮುಂದೆ ಸರಿಯಬೇಕು. ಮುಂದಾಳು ಬಿಟ್ಟ ಸೊಲ್ಲನ್ನು ಜೊತೆಗಾರ ಎತ್ತಿಕೊಳ್ಳುವುದು ಆಗ ಕೇಳುತ್ತದೆ.

ಈ ಪದಗಳು ಬಾಯಿಂದ ಕಿವಿಗೆ ಸಾಗಿ ಉಳಿದವು. ಪರೀಕ್ಷೆಯ ನೆಪದಲ್ಲಿ ಮಕ್ಕಳನ್ನು ಒಳಗೇ ಕೂರಿಸಿದರೆ ಮುಂದೆ ಹಾಡುವವರು ಎಲ್ಲಿಂದ ಬರಬೇಕು? ಒಂದು ಸಂಜೆ ಪುಸ್ತಕ ಮುಚ್ಚಿರಲಿ. ತಂದೆತಾಯಿಯರೂ ಪಕ್ಕದಲ್ಲಿ ಕೂರಲಿ.