ಕೊಮೊಡೊ ಕಡಲಿನ ಚಳಿ

ಉಷ್ಣವಲಯದ ಕಡಲೆಂದರೆ ಸದಾ ಬೆಚ್ಚಗಿರತಕ್ಕದ್ದೆಂದು ನಾವು ಶಾಲೆಯ ಭೂಪಟವನ್ನು ನೋಡಿ ಕಲಿತಿದ್ದೆವು. ಆ ನಂಬುಗೆಯನ್ನೇ ಗಂಟುಕಟ್ಟಿಕೊಂಡು ಒಂದು ಆಗಸ್ಟ್ ತಿಂಗಳಿನಲ್ಲಿ ಸತೀಸಮೇತರಾಗಿ ಇಂಡೊನೇಷ್ಯಾದ ಕೊಮೊಡೊ ದ್ವೀಪಗಳಿಗೆ ಹೋಗಿ, ನಡುಗುತ್ತ ಹಿಂದಿರುಗಿದೆವು. ಆ ನಡುಕದ ಕಥೆಯಿಂದ ವಾಚಕರಿಗೆ ಏನಾದರೂ ಪ್ರಯೋಜನವಾದೀತೆಂದು ಇದನ್ನು ಬರೆಯುತ್ತಿದ್ದೇವೆ.

ಫ್ಲೋರೆಸ್ ದ್ವೀಪದ ಪಶ್ಚಿಮದ ತುದಿಯಲ್ಲಿ ಲಬುವಾನ್ ಬಾಜೊ ಎಂಬ ರೇವುಪಟ್ಟಣವುಂಟು. ಕೊಮೊಡೊ, ರಿಂಚಾ, ಪಾದಾರ್ ಮುಂತಾದ ದ್ವೀಪಗಳಿಗೆ ಹಡಗುಗಳು ಹೊರಡುವುದು ಇಲ್ಲಿಂದಲೇ. ಈ ದ್ವೀಪಸಮೂಹವು 1980ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 1991ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಜಗತ್ತಿನ ಅತಿದೊಡ್ಡ ಹಲ್ಲಿಯ ಜಾತಿಯಾದ ಕೊಮೊಡೊ ಉಡವನ್ನು ನೋಡಲು ಬರುವವರೇ ಬಹುಮಂದಿ; ನಾವು ಹೋದುದಾದರೋ ನೀರಿನೊಳಗಣ ಲೋಕವನ್ನು ಕಾಣಲು. ಅದಕ್ಕಾಗಿ ಐದು ದಿನ ಹಗಲಿರುಳೂ ಹಡಗಿನಲ್ಲಿಯೇ ವಾಸಿಸಿ, ದಿನಕ್ಕೆ ಮೂರು ನಾಲ್ಕು ಸಲ ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಮುಳುಗುವ ಏರ್ಪಾಡು. ನಮ್ಮದು ದಕ್ಷಿಣ ಸುಲಾವೆಸಿಯ ಬಡಗಿಗಳು ಕಟ್ಟುವ ‘ಪಿನಿಸಿ’ ಎಂಬ ಮಾದರಿಯ ಮರದ ಹಡಗು.

ಹೊರಡುವ ಮುನ್ನ ಮನೆಯಲ್ಲಿ ಒಂದು ಸಣ್ಣ ವ್ಯಾಜ್ಯ ನಡೆದಿತ್ತು. ನಾವಿಬ್ಬರೂ ಮುಳುಗುವುದನ್ನು ಕಲಿತದ್ದು ಮುರ್ಡೇಶ್ವರದ ಆಚೆಗಿನ ನೇತ್ರಾಣಿ ದ್ವೀಪದ ಬಳಿಯಲ್ಲಿ. ಅಲ್ಲಿನ ಬೆಚ್ಚನೆಯ ನೀರಿಗೆ ತೆಳುವಾದ ಉಡುಪೇ ಸಾಕಾಗಿತ್ತು. ಆದುದರಿಂದ ನಾವು 3 ಮಿಲಿಮೀಟರ್ ದಪ್ಪದ ವೆಟ್‌ಸೂಟನ್ನು ಮಡಿಸಿಟ್ಟೆವು. ನಮ್ಮ ಮನೆಯವರೋ, 5 ಮಿಲಿಮೀಟರಿನ ಉಡುಪು, ಅದರ ಮೇಲೊಂದು ತಲೆಗವುಸು ತಂದು ಅರ್ಧ ಪೆಟ್ಟಿಗೆಯನ್ನು ತುಂಬಿಬಿಟ್ಟರು.

“ಬಿಸಿಲ ನಾಡಿಗೆ ಕಂಬಳಿ ಹೊರುತ್ತೀಯಾ?” ಎಂದು ನಕ್ಕೆವು.

“ನೇತ್ರಾಣಿಯಲ್ಲಿ ಎರಡು ಸಲ ಮುಳುಗಿ, ದಡಕ್ಕೆ ಬಂದು ಬಿಸಿನೀರು ಹೊಯ್ದುಕೊಳ್ಳುತ್ತಿದ್ದಿರಿ. ಅಲ್ಲಿ ದಿನವೂ ನಾಲ್ಕು ಸಲ ಇಳಿಯಬೇಕು. ಹೆಚ್ಚಾದರೆ ಬಿಚ್ಚಿಡಬಹುದು, ಇಲ್ಲದಿದ್ದರೆ ನಡುಗಡಲಿನಲ್ಲಿ ಯಾರನ್ನು ಕೇಳುತ್ತೀರಿ?” ಎಂದರು. ನಾವು ಉತ್ತರ ಕೊಡಲಿಲ್ಲ, ಪೆಟ್ಟಿಗೆಯನ್ನೂ ಬದಲಿಸಲಿಲ್ಲ.

ಮೊದಲಿನ ಎರಡು ದಿನ ಹಡಗು ಉದ್ಯಾನದ ಉತ್ತರ ಭಾಗದಲ್ಲಿತ್ತು. ಕೈಗೆ ಕಟ್ಟಿದ ಯಂತ್ರವು ನೀರಿನ ಉಷ್ಣವನ್ನು 28 ಡಿಗ್ರಿಯೆಂದು ತೋರಿಸುತ್ತಿತ್ತು. ಬಾತು ಬೊಲೊಂಗ್ ಎಂಬ ಬಂಡೆಯ ಸುತ್ತ ಮೀನುಗಳ ಹಿಂಡು ಮಳೆಗಾಲದ ಮೋಡದಂತೆ ಕವಿದಿತ್ತು. ನಾವು ಸುಖವಾಗಿದ್ದೆವು, ಮನೆಯವರು ಮೇಲೆ ಬಂದೊಡನೆಯೇ ಸೆಕೆಯೆಂದು ಕೊರಳಿನ ಜಿಪ್ಪನ್ನು ಇಳಿಸುತ್ತಿದ್ದರು. ನಮ್ಮ ಹಾಸ್ಯಕ್ಕೆ ಮಿತಿಯಿರಲಿಲ್ಲ.

ಮೂರನೆಯ ರಾತ್ರಿ ಹಡಗು ದಕ್ಷಿಣಕ್ಕೆ ತಿರುಗಿತು. ಬೆಳಗ್ಗೆ ಕೊಮೊಡೊ ದ್ವೀಪದ ದಕ್ಷಿಣದ ಕರೆಯಲ್ಲಿರುವ, ಮಾಂಟಾ ಎಂಬ ಭಾರಿ ತೊರಕೆ ಮೀನುಗಳು ಸೇರುವ ತಾಣದಲ್ಲಿ ಇಳಿದೆವು. ನೀರು ಕೊರಳಿನಿಂದ ಬೆನ್ನಿಗೆ ಹರಿದೊಡನೆಯೇ ಉಸಿರು ಕಟ್ಟಿದಂತಾಯಿತು. ಯಂತ್ರದಲ್ಲಿ 23 ಡಿಗ್ರಿ! ಬೆಂಗಳೂರಿನಲ್ಲಿ ಇದು ಹಿತವಾದ ಬೆಳಗಿನ ಹವೆಯೆಂದು ಓದುಗರು ಹೇಳಬಹುದು. ಆದರೆ ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಬೇಗನೆ ಮೈಯ ಶಾಖವನ್ನು ಸೆಳೆದುಕೊಳ್ಳುವುದು. ಇಪ್ಪತ್ತು ನಿಮಿಷಗಳಲ್ಲಿ ಹಲ್ಲು ಕಟಕಟಿಸತೊಡಗಿತು, ನಡುಕದಿಂದ ಉಸಿರು ಹೆಚ್ಚಿ ಸಿಲಿಂಡರಿನ ಗಾಳಿ ಬೇಗಬೇಗನೆ ಇಳಿಯಿತು, ಬೆರಳುಗಳು ಮರಗಟ್ಟಿದುವು. ಹೆಬ್ಬೆರಳೆತ್ತಿ, ಮೇಲಕ್ಕೆ ಹೋಗಬೇಕೆಂದು ಸನ್ನೆ ಮಾಡಿದೆವು.

ಸರಿಯಾಗಿ ಆಗಲೇ ದೂರದ ಮಬ್ಬಿನಲ್ಲಿ ಅಗಲವಾದ ಕರಿಯ ರೆಕ್ಕೆಗಳೆರಡು ಮೂಡಿದುವು. ಜೋಡಿಯಾಗಿ ಇಳಿದವರು ಜೋಡಿಯಾಗಿಯೇ ಮೇಲೇರಬೇಕೆಂಬುದು ಈ ವಿದ್ಯೆಯ ಕಟ್ಟಳೆ. ಮನೆಯವರು ಒಮ್ಮೆ ಅತ್ತ ನೋಡಿ, ನಮ್ಮ ಕೈಹಿಡಿದುಕೊಂಡು ಮೇಲಕ್ಕೆ ತಿರುಗಿದರು. ಹಡಗಿನಲ್ಲಿ ಅವರು ಒಂದು ಮಾತನ್ನೂ ಆಡದೆ, ಶುಂಠಿಯ ಕಷಾಯವನ್ನು ತಂದು ಕೈಗೆ ಕೊಟ್ಟರು. ಬೈದಿದ್ದರೆ ನಮಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ನಮ್ಮ ಹಠಕ್ಕೆ ದಂಡ ತೆತ್ತವರು ಅವರು.

ಆ ಮಧ್ಯಾಹ್ನ ಮುಳುಗದೆ ಕುಳಿತ ನಮಗೆ ಹಡಗಿನ ಮಾರ್ಗದರ್ಶಿಯು ಚಳಿಯ ಮರ್ಮವನ್ನು ವಿವರಿಸಿದನು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬೀಸುವ ಆಗ್ನೇಯದ ಗಾಳಿಯಿಂದ ದಕ್ಷಿಣ ತೀರದ ಮೇಲುಗಡೆಯ ಬಿಸಿನೀರು ದೂರ ಸರಿಯುವುದು. ಆಗ ಹಿಂದೂ ಮಹಾಸಾಗರದ ಆಳದ ತಣ್ಣೀರು ಮೇಲೇರುವುದು. ಆ ನೀರಿನೊಡನೆ ಬರುವ ಸಾರದಿಂದ ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಹೆಚ್ಚುವುವು. ಅವನ್ನು ತಿನ್ನಲು ಮಾಂಟಾ ಬರುವುದು. ನಮ್ಮನ್ನು ನಡುಗಿಸಿದ ಚಳಿಯೇ ಆ ಮೀನಿನ ಅನ್ನದಾತ! ಚಳಿಯನ್ನು ಬೇಡವೆಂದವನು ಮಾಂಟಾದ ದರ್ಶನವನ್ನೂ ಬಿಡಬೇಕು.

ಮರುದಿನ ಅವನು ತನ್ನ ಟೊಪ್ಪಿಗೆಯುಳ್ಳ ರಬ್ಬರಿನ ಒಳಗವಚವನ್ನು ಎರವಲು ಕೊಟ್ಟನು. ಅದನ್ನು ನಮ್ಮ ತೆಳು ಉಡುಪಿನ ಒಳಗೆ ತೊಟ್ಟು, ರಿಂಚಾದ ದಕ್ಷಿಣಕ್ಕಿರುವ ಕ್ಯಾನಿಬಲ್ ರಾಕ್ ಎಂಬಲ್ಲಿ ಪೂರ್ತಿ ಐವತ್ತು ನಿಮಿಷ ಇದ್ದೆವು. ಹವಳದ ಬಣ್ಣಗಳ ನಡುವೆ ಸಮುದ್ರಸೌತೆಯ ಜಾತಿಯ ಒಂದು ಪ್ರಾಣಿ, ಸೇಬಿನಂತೆ ಕೆಂಪಾಗಿ, ತನ್ನ ಕವಲುಕೈಗಳನ್ನು ಒಂದೊಂದಾಗಿ ಬಾಯಿಗಿಟ್ಟು ಚೀಪುತ್ತಿದ್ದುದನ್ನು ಇಬ್ಬರೂ ನಿಂತು ನೋಡಿದೆವು. ಮಾಂಟಾ ಮಾತ್ರ ಮತ್ತೆ ಬರಲಿಲ್ಲ.

ಇಂತಹ ಯಾತ್ರೆಗೆ ಹೊರಡುವವರಿಗೆ ನಾವು ಕಲಿತ ಕೆಲವು ಮಾತುಗಳು. ವೆಟ್‌ಸೂಟು ನೀರನ್ನು ಹೊರಗಿಡುವ ಉಡುಪಲ್ಲ. ಒಳಹೊಕ್ಕ ತೆಳುಪದರದ ನೀರನ್ನು ಮೈಯೇ ಬಿಸಿಮಾಡಿಕೊಳ್ಳುವುದು, ರಬ್ಬರಿನಲ್ಲಿರುವ ಗುಳ್ಳೆಗಳು ಆ ಶಾಖವನ್ನು ಕಾಯುವುವು. ಆದ್ದರಿಂದ ಎಷ್ಟೇ ದಪ್ಪನಾದರೂ ಸಡಿಲವಾದ ಉಡುಪು ನಿಷ್ಫಲ. ಹತ್ತು ಮೀಟರ್ ಆಳದಲ್ಲಿ ಒತ್ತಡವು ಮೇಲಿನದರ ಎರಡು ಪಟ್ಟು, ಇಪ್ಪತ್ತರಲ್ಲಿ ಮೂರು ಪಟ್ಟು. ಅಲ್ಲಿ ಗುಳ್ಳೆಗಳು ಕುಗ್ಗಿ, ಅಂಗಡಿಯಲ್ಲಿ ಅಳೆದ ದಪ್ಪ ಉಳಿಯದು. ದಪ್ಪ ಉಡುಪು ಹೆಚ್ಚು ತೇಲುವುದರಿಂದ ಸೊಂಟದ ಸೀಸದ ತೂಕವನ್ನು ಮೊದಲ ದಿನವೇ ಹೊಂದಿಸಿಕೊಳ್ಳಬೇಕು. ನೀರು 28 ಡಿಗ್ರಿಯಿದ್ದರೆ 3 ಮಿಲಿಮೀಟರ್ ಸಾಕು. 25ಕ್ಕಿಂತ ಇಳಿಯುವಲ್ಲಿ 5 ಮಿಲಿಮೀಟರ್, ತಲೆಗವುಸು ಬೇಕು. ದಿನದಿನಕ್ಕೂ ಮೈ ಸೋಲುವುದರಿಂದ, ಉಡುಪನ್ನು ಮೊದಲ ದಿನದ ಉತ್ಸಾಹಕ್ಕಲ್ಲ, ಕೊನೆಯ ದಿನದ ಆಯಾಸಕ್ಕೆ ತಕ್ಕಂತೆ ಆರಿಸಬೇಕು. ಚಳಿಯಲ್ಲಿ ಮೇಲೇರುವವನಿಗೆ ರಕ್ತದಲ್ಲಿ ಗಾಳಿಗುಳ್ಳೆ ಕಟ್ಟುವ ರೋಗದ ಭಯವೂ ಹೆಚ್ಚೆಂಬುದನ್ನು ಮರೆಯಬಾರದು.

ಊರಿಗೆ ಬಂದ ಮೇಲೆ ನಾವೂ 5 ಮಿಲಿಮೀಟರಿನ ಉಡುಪೊಂದನ್ನು ಕೊಂಡೆವು. ಮುಂದಿನ ಆಗಸ್ಟಿಗೆ ಅದೇ ತಾಣಕ್ಕೆ ಮತ್ತೆ ಹೋಗುವ ಯೋಚನೆಯಿದೆ. ಮನೆಯವರಿಗೆ ನಾವು ಒಂದು ಮಾಂಟಾದ ಸಾಲಗಾರರು.