ಕಾರ್ಬುರೇಟರ್ ಬಿಚ್ಚಿದ ದಿನ

ದಂಡಿನಶಿವರದ ತೆಂಗಿನ ತೋಟದಲ್ಲಿ ನಮ್ಮ ಹಳೆಯ ಪೆಟ್ರೋಲ್ ಅಂಬಾಸಿಡರ್ ಎರಡು ವರ್ಷ ನಿಂತೇ ಇದ್ದಿತು. ಒಣಗಿದ ಪೆಟ್ರೋಲಿನ ಅಂಟು ಕಾರ್ಬುರೇಟರಿನ ಸೂಕ್ಷ್ಮರಂಧ್ರಗಳನ್ನು ಮುಚ್ಚಿತ್ತು. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ಈ ಕಾರಿನ ತಯಾರಿಕೆಯನ್ನೇ ನಿಲ್ಲಿಸಿದ್ದರಿಂದ, ಇರುವುದನ್ನೇ ಬಿಚ್ಚಿ ತೊಳೆಯಲು ಹೊರಟೆನು. ಆಗ ನನಗೆ ಗುರುವಾಗಿ ದೊರೆತವನು, ಹಿಂದೊಮ್ಮೆ ಸಂಧಿ ಬಿಡಿಸಲಾರದೆ ನನ್ನಿಂದ ತರಗತಿಯ ಹೊರಗೆ ನಿಂತ ಶಿಷ್ಯ; ಈಗ ತಿಪಟೂರಿನಲ್ಲಿ ಮೆಕ್ಯಾನಿಕ್.

ಬ್ಯಾಟರಿಯ ತಂತಿ ಕಳಚಿ, ಏರ್ ಫಿಲ್ಟರ್ ತೆಗೆದು, ಪೆಟ್ರೋಲ್ ಕೊಳವೆಯನ್ನು ಬಿಡಿಸಿ ಅದರ ಬಾಯಿ ಮುಚ್ಚಿದೆನು. ಚೋಕ್ ತಂತಿಯನ್ನೂ ಆಕ್ಸಿಲರೇಟರ್ ಕೊಂಡಿಗಳನ್ನೂ ಕಳಚುವ ಮುನ್ನ, “ಚಿತ್ರ ಬರೆದುಕೊಳ್ಳಿ ಗುರುಗಳೇ” ಎಂದನು. ಸಾವಿರಾರು ಪದ್ಯಗಳು ಕಂಠಸ್ಥವೆಂಬ ಹಮ್ಮಿನಿಂದ ನಾನು ಬರೆಯಲಿಲ್ಲ. ಬುಡದ ನಟ್ಟುಗಳನ್ನು ಬಿಚ್ಚಿ ಎತ್ತಿದಾಗ ವಾಷರೊಂದು ಜಾರಿ, ಮ್ಯಾನಿಫೋಲ್ಡಿನ ತೆರೆದ ಬಾಯಿಯ ಅಂಚಿನಲ್ಲಿ ನಿಂತಿತು. ಒಳಕ್ಕೆ ಬಿದ್ದಿದ್ದರೆ ಮ್ಯಾನಿಫೋಲ್ಡನ್ನೇ ಕಳಚಬೇಕಾಗುತ್ತಿತ್ತು. ಅವನು ಅದನ್ನು ಮೆಲ್ಲನೆ ತೆಗೆದು, ಆ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿದನು. ಗದರಲಿಲ್ಲ.

ತೊಳೆದು ಮರಳಿ ಜೋಡಿಸುವಾಗ ಕೊಂಡಿಯೊಂದರ ಸ್ಥಾನವೇ ನನಗೆ ತೋಚದಾಯಿತು.

“ಇದು ಲೋಪಸಂಧಿಯಲ್ಲ ಗುರುಗಳೇ, ಏನನ್ನೂ ಬಿಡುವಂತಿಲ್ಲ” ಎಂದು ನಕ್ಕನು.

ಅಂದು ಅವನನ್ನು ಹೊರಗೆ ನಿಲ್ಲಿಸಿದ್ದು ಲೋಪಸಂಧಿಗಾಗಿಯೇ ಎಂಬುದು ನನಗೆ ನೆನಪಿತ್ತು; ಅವನಿಗೂ.